ಕಡಲ ಮೇಲಿನ ಕೋಣೆ: ಯಾವ ಬದಿ, ಯಾವ ಅಂತಸ್ತು?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ‘ಪಾಶ್ ಏರಿಯಾ’ ಎಂಬ ಮಾತು ಹೊಸದೇನಲ್ಲ. ಅಗಲ ರಸ್ತೆ, ಸಾಲುಮರ, ಕೈಗೆಟುಕದ ಬಾಡಿಗೆ ಎಲ್ಲವನ್ನೂ ಆ ಒಂದೇ ಶಬ್ದ ಹೇಳಿಬಿಡುತ್ತದೆ. ಇಂಗ್ಲಿಷಿನ ಈ ಶಬ್ದ ಹುಟ್ಟಿದ್ದು ಭಾರತಕ್ಕೆ ಬರುತ್ತಿದ್ದ ಹಡಗುಗಳಲ್ಲಿ ಎಂಬ ಕಥೆಯೊಂದುಂಟು. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಹೊರಡುವ ಸಿರಿವಂತರು ಹಡಗಿನ ಎಡಬದಿಯ ಕ್ಯಾಬಿನ್ನನ್ನೇ ಕೇಳಿ ಪಡೆಯುತ್ತಿದ್ದರಂತೆ. ಊರಿಗೆ ಮರಳುವಾಗ ಬಲಬದಿಯದು. ನಾವಿಕರ ಭಾಷೆಯಲ್ಲಿ ಎಡಬದಿ ‘ಪೋರ್ಟ್’, ಬಲಬದಿ ‘ಸ್ಟಾರ್‌ಬೋರ್ಡ್’. ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬ ನಾಲ್ಕು ಪದಗಳ ಮೊದಲಕ್ಷರಗಳನ್ನು ಜೋಡಿಸಿ ಟಿಕೆಟ್ಟಿನ ಮೇಲೆ ಮುದ್ರೆ ಒತ್ತುತ್ತಿದ್ದರು, ಅದೇ ಮುಂದೆ ‘ಪಾಶ್’ ಆಯಿತು ಎನ್ನುವುದು ಕಥೆಯ ಸಾರ.

ಕಥೆ ಸೊಗಸಾಗಿದೆ. ಆದರೆ ನಿಘಂಟುಕಾರರು ಇದನ್ನು ಒಪ್ಪುವುದಿಲ್ಲ. ಅಂಥ ಮುದ್ರೆ ಬಿದ್ದ ಟಿಕೆಟ್ ಒಂದೂ ಸಿಕ್ಕಿಲ್ಲ. ಭಾರತದ ಅಂಚೆ ಹಡಗುಗಳನ್ನು ನಡೆಸುತ್ತಿದ್ದ ಪಿ ಅಂಡ್ ಓ ಕಂಪನಿಯ ಕಡತಗಳಲ್ಲೂ ಅದರ ಸುಳಿವಿಲ್ಲ.

ಶಬ್ದದ ಕಥೆ ಸುಳ್ಳಾದರೂ ಅದರ ಹಿಂದಿನ ಬಿಸಿಲಿನ ಲೆಕ್ಕ ಸುಳ್ಳಲ್ಲ. ಸೂಯೆಜ್ ದಾಟಿದ ಹಡಗು ಕೆಂಪು ಸಮುದ್ರದಲ್ಲಿ ಹೆಚ್ಚುಕಡಿಮೆ ದಕ್ಷಿಣಾಭಿಮುಖವಾಗಿ ಸಾಗುತ್ತದೆ. ಆಗ ಅದರ ಬಲಬದಿ ಪಶ್ಚಿಮಕ್ಕೆ. ಮಧ್ಯಾಹ್ನದ ಸುಡುಬಿಸಿಲೆಲ್ಲ ಆ ಬದಿಯ ಉಕ್ಕಿನ ಗೋಡೆಗೆ ಬಿದ್ದು, ರಾತ್ರಿ ಮಲಗುವ ಹೊತ್ತಿಗೆ ಕೋಣೆ ಕಾವಲಿಯಂತೆ ಕಾದಿರುತ್ತದೆ. ಏಡನ್ ದಾಟಿ ಪೂರ್ವಕ್ಕೆ ತಿರುಗಿದ ಮೇಲೆ ಬಲಬದಿ ದಕ್ಷಿಣಕ್ಕೆ ಮುಖ ಮಾಡುತ್ತದೆ. ಚಳಿಗಾಲದ ತಿಂಗಳುಗಳಲ್ಲಿ ಬಿಸಿಲು ಬರುವುದು ಆ ದಿಕ್ಕಿನಿಂದಲೇ. ಹೋಗುವಾಗ ಎಡ, ಬರುವಾಗ ಬಲ ಎಂಬ ಮಾತಿನಲ್ಲಿ ಆದ್ದರಿಂದ ಅರ್ಥವಿತ್ತು. ವಾತಾನುಕೂಲ ಯಂತ್ರವಿಲ್ಲದ ದಿನಗಳಲ್ಲಿ ಕ್ಯಾಬಿನ್ನಿನ ಬೆಲೆಯೆಂದರೆ ನೆರಳಿನ ಬೆಲೆ.

ಇಂದು ವಿಹಾರ ನೌಕೆಯಲ್ಲಿ, ಎಂದರೆ ಕ್ರೂಸ್ ಹಡಗಿನಲ್ಲಿ, ನಾಲ್ಕು ದಿನ ಕಳೆದು ಬರೋಣವೆಂದು ಹೊರಡುವ ಕುಟುಂಬದ ಮುಂದೆ ಟ್ರಾವೆಲ್ ಏಜೆಂಟರು ಒಂದು ನಕ್ಷೆ ಹರಡುತ್ತಾರೆ. ಹತ್ತು ಹನ್ನೆರಡು ಅಂತಸ್ತು, ಸಾವಿರಾರು ಕೋಣೆಗಳು, ಪ್ರತಿ ಬಗೆಗೂ ಒಂದೊಂದು ಬಣ್ಣ. ಮುಖ್ಯವಾಗಿ ನಾಲ್ಕು ಬಗೆ: ಕಿಟಕಿಯೇ ಇಲ್ಲದ ಒಳಕೋಣೆ, ಕಡಲಿಗೆ ಕಿಟಕಿಯಿರುವ ಹೊರಕೋಣೆ, ಬಾಲ್ಕನಿಯ ಕೋಣೆ, ಕೊನೆಗೆ ಹಾಲ್ ಸಹಿತ ವಿಶಾಲವಾದ ಸೂಟ್. ಈ ನಾಲ್ಕರೊಳಗೆ ಅಂತಸ್ತು, ಜಾಗ, ನೋಟಗಳಿಗೆ ತಕ್ಕಂತೆ ಇಪ್ಪತ್ತು ಮೂವತ್ತು ಉಪವಿಭಾಗಗಳು, ಒಂದೊಂದಕ್ಕೂ ಬೇರೆ ದರ. ಹಡಗು ಒಂದೇ, ಕಡಲು ಒಂದೇ, ಬಂದರುಗಳೂ ಅವೇ. ಬಹುತೇಕ ಹಡಗುಗಳಲ್ಲಿ ಊಟವೂ ಒಂದೇ. ಹಾಗಿದ್ದರೆ ಹೆಚ್ಚು ಹಣ ಕೊಟ್ಟವರು ಕೊಳ್ಳುವುದಾದರೂ ಏನನ್ನು? ಈ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರವಿತ್ತು. ಕಡಲಿನಲ್ಲಿ ಜನ ಯಾವುದಕ್ಕೆ ಅಂಜುತ್ತಿದ್ದರೋ ಅದರಿಂದ ದೂರವಿರುವ ಕೋಣೆಯೇ ಆಯಾ ಕಾಲದ ಶ್ರೇಷ್ಠ ಕೋಣೆ. ಅಂಜಿಕೆ ಬದಲಾದಂತೆ ಹಡಗಿನೊಳಗೆ ಶ್ರೇಷ್ಠ ಕೋಣೆಯ ಜಾಗವೂ ಬದಲಾಯಿತು.

ಹಾಯಿಹಡಗುಗಳ ಕಾಲದಲ್ಲಿ ಹಿಂಭಾಗವೇ ಶ್ರೇಷ್ಠ. ಎದುರಿನಿಂದ ಬಡಿಯುವ ಅಲೆಯ ನೀರು ಅಲ್ಲಿಯವರೆಗೆ ಅಷ್ಟಾಗಿ ಬರುತ್ತಿರಲಿಲ್ಲ. ಚುಕ್ಕಾಣಿಯೂ ಅಲ್ಲಿಯೇ, ಕಪ್ತಾನನ ಕೋಣೆಯೂ ಅಲ್ಲಿಯೇ. ನಾವಿಕರು ಮಲಗುತ್ತಿದ್ದುದು ಸದಾ ಒದ್ದೆಯಾಗಿರುತ್ತಿದ್ದ ಮುಂಭಾಗದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಭಾರತಕ್ಕೆ ಬರುತ್ತಿದ್ದ ಅಧಿಕಾರಿಗಳು ಹಿಂಭಾಗದ ಮೇಲಂತಸ್ತಿನಲ್ಲಿ ಜಾಗ ಹಿಡಿಯಲು ಪೈಪೋಟಿ ನಡೆಸುತ್ತಿದ್ದರು. ಹಾಗೆಂದು ಅಲ್ಲಿ ಅರಮನೆಯೇನೂ ಇರಲಿಲ್ಲ. ಹಣ ತೆತ್ತವರಿಗೆ ಸಿಗುತ್ತಿದ್ದುದು ಬರಿಯ ಜಾಗ. ಮಂಚ, ಮೇಜು, ಕುರ್ಚಿ, ನೀರಿನ ಹೂಜಿ ಎಲ್ಲವನ್ನೂ ಪ್ರಯಾಣಿಕರೇ ತಂದು, ಹಡಗು ಹೊಯ್ದಾಡಿದಾಗ ಉರುಳದಂತೆ ನೆಲಕ್ಕೆ ಬಿಗಿದು ಕಟ್ಟಬೇಕಾಗಿತ್ತು. ಎಷ್ಟೋ ಕೋಣೆಗಳ ನಡುವಿನ ಗೋಡೆ ಕೂಡ ಕ್ಯಾನ್ವಾಸ್ ಬಟ್ಟೆಯದು. ಶತ್ರುಗಳ ಹಡಗು ಕಂಡರೆ ಆ ಗೋಡೆಗಳನ್ನು ಕಿತ್ತೆಸೆದು, ಪಕ್ಕದಲ್ಲೇ ಇರುತ್ತಿದ್ದ ಫಿರಂಗಿಗಳಿಗೆ ಜಾಗ ಮಾಡಿಕೊಡುತ್ತಿದ್ದರು. ಆರು ತಿಂಗಳ ಪ್ರಯಾಣವನ್ನು ಪಕ್ಕದ ಕೋಣೆಯವರ ಗೊರಕೆ, ಜಗಳ, ವಾಂತಿ ಎಲ್ಲವನ್ನೂ ಕೇಳಿಸಿಕೊಂಡೇ ಮುಗಿಸಬೇಕು.

ಉಗಿಯಂತ್ರ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಮರದ ಹಡಗು ಉಕ್ಕಿನದಾಯಿತು, ಹಿಂಭಾಗದ ಅಡಿಯಲ್ಲಿ ತಿರುಗುವ ಪಂಖ ಬಂತು. ಪಂಖ ತಿರುಗುವಾಗಿನ ನಡುಕ, ಸದ್ದು ಎಲ್ಲ ಹಿಂಭಾಗದಲ್ಲೇ. ಆದರೂ ಹಡಗು ಕಟ್ಟುವವರು ಹಳೆಯ ರೂಢಿ ಬಿಡದೆ ಬಹುಕಾಲ ಮೊದಲ ದರ್ಜೆಯವರನ್ನು ಅಲ್ಲಿಯೇ ಮಲಗಿಸುತ್ತಿದ್ದರು. ಹಲ್ಲು ಕಟಕಟಿಸುವಷ್ಟು ನಡುಗುವ ಜಾಗಕ್ಕೆ ಎಲ್ಲರಿಗಿಂತ ಹೆಚ್ಚು ಹಣ ತೆರುತ್ತಿದ್ದರೆಂದರೆ ರೂಢಿಯ ಬಲ ಎಂಥದೆಂದು ತಿಳಿಯುತ್ತದೆ. ಈ ರೂಢಿ ಮುರಿದದ್ದು 1871ರಲ್ಲಿ, ಲಿವರ್‌ಪೂಲಿನಿಂದ ನ್ಯೂಯಾರ್ಕಿಗೆ ಹೊರಟ ವೈಟ್ ಸ್ಟಾರ್ ಕಂಪನಿಯ ‘ಓಷಿಯಾನಿಕ್’ ಹಡಗು. ಅದರಲ್ಲಿ ಮೊದಲ ದರ್ಜೆಯ ಕೋಣೆಗಳನ್ನೂ ಊಟದ ಹಾಲನ್ನೂ ಹಡಗಿನ ನಡುಮಧ್ಯಕ್ಕೆ ತಂದರು. ದುಂಡು ಕಿಟಕಿಗಳು ದೊಡ್ಡವಾದವು. ಕೆಲಸದವರನ್ನು ಕರೆಯಲು ವಿದ್ಯುತ್ ಗಂಟೆ ಬಂತು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಚುಕ್ಕಾಣಿಯ ಹತ್ತಿರದ ಜಾಗ ಅಗ್ಗದವರ ಪಾಲಾಯಿತು. ಅತಿ ಕೆಳದರ್ಜೆಗೆ ಇಂಗ್ಲಿಷಿನಲ್ಲಿ ‘ಸ್ಟೀಯರೇಜ್’ ಎಂಬ ಹೆಸರು ಬಂದದ್ದೇ ಚುಕ್ಕಾಣಿಯ ಸಂಬಂಧದಿಂದ ಎನ್ನುತ್ತಾರೆ.

ನಡುಮಧ್ಯ ಏಕೆ ಒಳ್ಳೆಯದೆಂಬುದನ್ನು ತಿಳಿಯಲು ಹಡಗನ್ನೇ ಹತ್ತಬೇಕಾಗಿಲ್ಲ. ಹಳ್ಳಿ ರಸ್ತೆಯ ಬಸ್ಸಿನಲ್ಲಿ ಕೊನೆಯ ಸೀಟಿನಲ್ಲಿ ಕುಳಿತವರು ಪ್ರತಿ ಹಳ್ಳಕ್ಕೂ ಛಾವಣಿ ಮುಟ್ಟಿ ಬರುತ್ತಾರೆ; ನಡುವಿನ ಸೀಟಿನವರು ಅಷ್ಟಾಗಿ ಕುಲುಕುವುದಿಲ್ಲ. ಅಲೆಗೆ ಎದುರಾಗಿ ಹೋಗುವ ಹಡಗೂ ಹೀಗೆಯೇ. ಮೂತಿ ಏರುವಾಗ ಬಾಲ ಇಳಿಯುತ್ತದೆ, ನಡುಭಾಗ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅಲೆ ಪಕ್ಕದಿಂದ ಬಂದರೆ ಬೇರೆ ಲೆಕ್ಕ. ಆಗ ಹಡಗು ತೆಂಗಿನ ಮರದಂತೆ: ಗಾಳಿಗೆ ತುದಿ ತೂಗಾಡುತ್ತದೆ, ಬುಡ ಅಲುಗುವುದಿಲ್ಲ. ಎಂದರೆ, ನಡುವೆ ಇದ್ದು ಕೆಳಗೂ ಇರುವ ಕೋಣೆಯಲ್ಲಿ ಹೊಯ್ದಾಟ ಅತಿ ಕಡಿಮೆ. 1950ರ ದಶಕದಿಂದೀಚೆಗೆ ಪ್ರಯಾಣಿಕ ಹಡಗುಗಳ ಹೊಟ್ಟೆಯ ಎರಡೂ ಪಕ್ಕದಲ್ಲಿ ಮೀನಿನ ರೆಕ್ಕೆಯಂಥ ಸಾಧನಗಳನ್ನು ಅಳವಡಿಸುತ್ತಿದ್ದಾರೆ. ಪಕ್ಕದ ತೂಗಾಟವನ್ನು ಅವು ಬಹಳಷ್ಟು ತಗ್ಗಿಸುತ್ತವೆ. ಹಿಂದುಮುಂದಿನ ಏರಿಳಿತದ ಮುಂದೆ ಅವುಗಳ ಆಟ ನಡೆಯುವುದಿಲ್ಲ.

ಇನ್ನು ಸೆಕೆ. ಕೆಂಪು ಸಮುದ್ರದಲ್ಲಿ ಎಷ್ಟು ಹಣ ಕೊಟ್ಟವರೂ ರಾತ್ರಿ ಕೋಣೆ ಬಿಟ್ಟು ಹಾಸಿಗೆ ಹೊತ್ತು ಮೇಲಿನ ಡೆಕ್ಕಿಗೆ ಬರುತ್ತಿದ್ದರು. ಗಂಡಸರಿಗೆ ಒಂದು ಬದಿ, ಹೆಂಗಸರಿಗೆ ಇನ್ನೊಂದು. ಒಳಗಿನ ಕೋಣೆಗೂ ಒಂದಿಷ್ಟು ಗಾಳಿ ಬೆಳಕು ಒದಗಿಸಲು ಲಿವರ್‌ಪೂಲಿನಿಂದ ಕೊಲಂಬೊ, ರಂಗೂನಿಗೆ ಹಡಗು ನಡೆಸುತ್ತಿದ್ದ ಬಿಬಿ ಕಂಪನಿ ಒಂದು ಜಾಣ ಉಪಾಯ ಹೂಡಿತು. ಹೊರಕೋಣೆಯ ಪಕ್ಕದಲ್ಲಿ ಓಣಿಯಂಥ ಸಣ್ಣ ಜಾಗ ಬಿಟ್ಟು, ಒಳಕೋಣೆಯ ಒಂದು ಮೂಲೆಯನ್ನು ಹಡಗಿನ ಹೊರಗೋಡೆಯವರೆಗೆ ಚಾಚಿ, ಅಲ್ಲೊಂದು ದುಂಡು ಕಿಟಕಿ ಇಟ್ಟರು. ಇಂಥ ಕೋಣೆಗೆ ‘ಬಿಬಿ ಕ್ಯಾಬಿನ್’ ಎಂದೇ ಹೆಸರಾಯಿತು. ಮುಂದೆ ಕೊಳವೆಯ ಮೂಲಕ ಗಾಳಿ ಊದುವ ಬುಡ್ಡೆಗಳು ಬಂದವು; ಮಲಗಿದವರು ಅದನ್ನು ಬೇಕಾದತ್ತ ತಿರುಗಿಸಿಕೊಳ್ಳಬಹುದಿತ್ತು. ಅದಕ್ಕೆ ‘ಪಂಖಾ ಲೂವರ್’ ಎಂದು ಹೆಸರಿಟ್ಟರು. ಭಾರತದಲ್ಲಿ ಆಳುಗಳು ಹಗ್ಗ ಹಿಡಿದು ಎಳೆಯುತ್ತಿದ್ದ ಪಂಖಾ ಹೀಗೆ ಕಡಲಿನ ಪರಿಭಾಷೆಗೂ ಸೇರಿತು.

ಇಷ್ಟೆಲ್ಲ ಕೋಣೆ ಪಡೆದವರ ಮಾತಾಯಿತು. ಕೋಣೆಯೇ ಇಲ್ಲದೆ ಪ್ರಯಾಣ ಮಾಡಿದವರ ಸಂಖ್ಯೆ ನಮ್ಮ ಕಡಲಿನಲ್ಲಿ ಅದಕ್ಕಿಂತ ಬಹಳ ದೊಡ್ಡದು. ಮುಂಬಯಿಯಿಂದ ಕೊಂಕಣ ತೀರದುದ್ದಕ್ಕೂ ಓಡಾಡುತ್ತಿದ್ದ, ಕರಾವಳಿಯ ಹಿರಿಯರು ‘ಆಗಬೋಟು’ ಎನ್ನುತ್ತಿದ್ದ ಉಗಿಹಡಗುಗಳಲ್ಲಿ ಸಾಮಾನ್ಯರು ಹತ್ತುತ್ತಿದ್ದುದು ಡೆಕ್ ಟಿಕೆಟ್ ಪಡೆದು. ಚಾಪೆ ಬಿಡಿಸಿದಷ್ಟು ಜಾಗ ಅವರದು. ಬುತ್ತಿ ಗಂಟು, ಟ್ರಂಕು, ಕೋಳಿ, ಮಗು ಎಲ್ಲವೂ ಅಷ್ಟರಲ್ಲೇ. ಹಜ್ ಯಾತ್ರಿಕರೂ ಆಫ್ರಿಕಕ್ಕೆ ಹೊರಟ ವ್ಯಾಪಾರಿಗಳ ಗುಮಾಸ್ತರೂ ಹೀಗೆಯೇ ಕಡಲು ದಾಟಿದವರು.

ಈ ಡೆಕ್ಕಿನ ವಿಷಯದಲ್ಲಿ ಗಾಂಧೀಜಿಯವರ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. 1893ರ ಏಪ್ರಿಲ್‌ನಲ್ಲಿ ದಾದಾ ಅಬ್ದುಲ್ಲಾ ಕಂಪನಿಯ ಕೆಲಸಕ್ಕೆ ದಕ್ಷಿಣ ಆಫ್ರಿಕಕ್ಕೆ ಹೊರಟಾಗ ಮೊದಲ ದರ್ಜೆಯಲ್ಲಿ ಜಾಗವಿರಲಿಲ್ಲ. ಮೊಜಾಂಬಿಕ್‌ನ ಗವರ್ನರ್ ಜನರಲ್ ಅದೇ ಹಡಗಿನಲ್ಲಿ ಹೊರಟಿದ್ದರಿಂದ ಎಲ್ಲವೂ ಭರ್ತಿ. ಡೆಕ್ಕಿನಲ್ಲಿ ಹೋಗಿ, ಊಟಕ್ಕೆ ಬೇಕಾದರೆ ಸಲೂನಿನಲ್ಲಿ ಏರ್ಪಾಡು ಮಾಡಿಸೋಣ ಎಂದರು ಏಜೆಂಟರು. ಬ್ಯಾರಿಸ್ಟರ್ ಆದವನು ಡೆಕ್ಕಿನಲ್ಲಿ ಹೋಗುವುದೇ? ಗಾಂಧಿ ಒಪ್ಪಲಿಲ್ಲ. ನೇರವಾಗಿ ಹಡಗಿನ ಮುಖ್ಯ ಅಧಿಕಾರಿಯ ಬಳಿ ಹೋಗಿ ಕೇಳಿದರು. ಅವನ ಸ್ವಂತ ಕೋಣೆಯಲ್ಲಿ ಹೆಚ್ಚಿನದೊಂದು ಮಲಗುವ ಜಾಗವಿತ್ತು, ಅದನ್ನೇ ಬಿಟ್ಟುಕೊಟ್ಟ. ಇಪ್ಪತ್ತೊಂದು ವರ್ಷಗಳ ಮೇಲೆ, 1914ರ ಜುಲೈನಲ್ಲಿ, ಆಫ್ರಿಕದ ಕೆಲಸ ಮುಗಿಸಿ ಲಂಡನ್ನಿಗೆ ಹೊರಟ ಅದೇ ಗಾಂಧಿ ಕಸ್ತೂರಬಾ ಅವರೊಡನೆ ಮೂರನೆಯ ದರ್ಜೆಯಲ್ಲಿ ಪ್ರಯಾಣ ಮಾಡಿದರು. ಈ ಸಲ ತಾವಾಗಿಯೇ ಆರಿಸಿಕೊಂಡು. ಆ ದರ್ಜೆಯಲ್ಲಿ ಜಾಗವೂ ಇತ್ತು, ಚೊಕ್ಕಟವೂ ಇತ್ತು. ಭಾರತದ ಕರಾವಳಿ ಹಡಗುಗಳ ಕೆಳದರ್ಜೆಗೂ ಇದಕ್ಕೂ ಅಜಗಜಾಂತರ ಎಂಬುದನ್ನು ಅವರು ಗಮನಿಸಿ ಬರೆದಿದ್ದಾರೆ. ಮೊದಲ ಪ್ರಯಾಣದಲ್ಲಿ ಪಟ್ಟು ಹಿಡಿದದ್ದನ್ನೂ ಅವರು ಮುಚ್ಚಿಟ್ಟಿಲ್ಲ.

ಹಡಗಿನ ದರ್ಜೆ ಕಡಲಿನಲ್ಲೇ ಮುಗಿಯುತ್ತಿರಲಿಲ್ಲ, ದಡದವರೆಗೂ ಬೆನ್ನಟ್ಟಿ ಬರುತ್ತಿತ್ತು. 1892ರಲ್ಲಿ ತೆರೆದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಠಾಣೆಯನ್ನು ನೋಡಿದರೆ ಇದು ಸ್ಪಷ್ಟ. ಒಂದನೆಯ, ಎರಡನೆಯ ದರ್ಜೆಯವರ ತಪಾಸಣೆ ಹಡಗಿನಲ್ಲೇ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಅವರು ನೇರವಾಗಿ ಊರೊಳಗೆ ನಡೆದುಬಿಡುತ್ತಿದ್ದರು. ಕೆಳದರ್ಜೆಯವರನ್ನು ಮಾತ್ರ ದೋಣಿಗಳಲ್ಲಿ ತುಂಬಿ ದ್ವೀಪಕ್ಕೆ ಒಯ್ದು, ಸಾಲಿನಲ್ಲಿ ನಿಲ್ಲಿಸಿ, ಕಣ್ಣಿನ ರೆಪ್ಪೆ ಮಗುಚಿ ರೋಗ ಹುಡುಕುತ್ತಿದ್ದರು. ವಲಸೆ ಕಾನೂನಿನ ಕಾರಣದಿಂದಲೇ ಹಡಗಿನೊಳಗೂ ದರ್ಜೆ ದರ್ಜೆಗಳ ನಡುವೆ ಅಡ್ಡಗೇಟುಗಳನ್ನು ಹಾಕಬೇಕಾಗಿತ್ತು.

ಆ ಅಡ್ಡಗೇಟು, ಆ ನಕ್ಷೆ ಏನೆಲ್ಲ ಮಾಡಬಲ್ಲವೆಂದು ಜಗತ್ತು ಕಂಡದ್ದು 1912ರ ಏಪ್ರಿಲ್‌ನಲ್ಲಿ, ‘ಟೈಟಾನಿಕ್’ ಮುಳುಗಿದ ರಾತ್ರಿ. ಆ ಹಡಗಿನ ಅತಿ ದುಬಾರಿ ಕೋಣೆಗಳೆರಡಕ್ಕೆ ಸ್ವಂತದ್ದೇ ಆದ, ಸುಮಾರು 50 ಅಡಿ ಉದ್ದದ ಮೊಗಸಾಲೆಯಿತ್ತು. ಇಂದಿನ ಬಾಲ್ಕನಿಯ ಪೂರ್ವಜ ಅದೇ ಎನ್ನಬಹುದು. ಮೂರನೆಯ ದರ್ಜೆಯ ಒಂಟಿ ಗಂಡಸರಿಗೆ ಮೂತಿಯ ಕಡೆ, ಒಂಟಿ ಹೆಂಗಸರಿಗೂ ಸಂಸಾರಸ್ಥರಿಗೂ ಬಾಲದ ಕಡೆ ಜಾಗ. ಎರಡೂ ಕೆಳಗಿನ ಅಂತಸ್ತುಗಳಲ್ಲಿ. ಜೀವರಕ್ಷಕ ದೋಣಿಗಳಿದ್ದದ್ದು ಎಲ್ಲಕ್ಕಿಂತ ಮೇಲೆ, ಮೊದಲೆರಡು ದರ್ಜೆಯವರು ಅಡ್ಡಾಡುವ ಜಾಗದಲ್ಲಿ. ಮೊದಲ ದರ್ಜೆಯವರಲ್ಲಿ ನೂರಕ್ಕೆ 62 ಮಂದಿ ಬದುಕಿದರು, ಎರಡನೆಯದರಲ್ಲಿ 41, ಮೂರನೆಯದರಲ್ಲಿ 25. ಮೂರನೆಯ ದರ್ಜೆಯವರನ್ನು ಬೇಕೆಂದೇ ತಡೆದರೆಂಬುದಕ್ಕೆ ಆಧಾರವಿಲ್ಲ ಎಂದು ಬ್ರಿಟಿಷ್ ವಿಚಾರಣೆ ತೀರ್ಮಾನಿಸಿತು. ಬೇಕೆಂದು ತಡೆಯುವ ಅಗತ್ಯವೂ ಇರಲಿಲ್ಲ. ಅಪರಿಚಿತ ಓಣಿಗಳು, ತಿಳಿಯದ ಭಾಷೆಯ ಫಲಕಗಳು, ಹತ್ತಬೇಕಾದ ಅಷ್ಟೊಂದು ಮೆಟ್ಟಿಲುಗಳು. ಹಡಗಿನ ನಕ್ಷೆಯೇ ಆ ಕೆಲಸ ಮಾಡಿತ್ತು.

1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಊರಿಂದೂರಿಗೆ ಹೋಗಲು ಹಡಗು ಹತ್ತುವವರು ಇಲ್ಲವಾದರು. ಖಾಲಿಯಾದ ಕಂಪನಿಗಳು ವಿಹಾರದತ್ತ ಹೊರಳಿದವು. ಹೋಗಬೇಕಾದ ಊರೆಂಬುದೇ ಇಲ್ಲ, ಹಡಗೇ ಊರು. ರಜೆಗೆಂದು ಬಂದವರನ್ನು ಗೇಟು ಹಾಕಿ ಬೇರ್ಪಡಿಸಿದರೆ ವ್ಯಾಪಾರ ನಡೆಯುವುದಿಲ್ಲವೆಂದು ಕಂಪನಿಗಳಿಗೆ ಬೇಗ ತಿಳಿಯಿತು. ಒಂದನೆಯ ದರ್ಜೆ, ಎರಡನೆಯ ದರ್ಜೆ ಎಂಬ ಮಾತುಗಳು ಕರಪತ್ರಗಳಿಂದ ಮಾಯವಾದವು. ಎಲ್ಲರಿಗೂ ಒಂದೇ ಈಜುಕೊಳ, ಒಂದೇ ನಾಟಕಶಾಲೆ. ಬೆಲೆಯ ವ್ಯತ್ಯಾಸವನ್ನು ಕೋಣೆಯೊಂದರ ಮೇಲೆಯೇ ಹೊರಿಸಬೇಕಾಯಿತು. ಆಗ ನೆರವಿಗೆ ಬಂದದ್ದು ಕಡಲಿನ ನೋಟ.

ಇದೊಂದು ವಿಚಿತ್ರ ತಿರುವು. ಹಿಂದಿನವರು ಕಡಲನ್ನು ಆದಷ್ಟು ಮರೆಯಲು ಹಣ ಕೊಡುತ್ತಿದ್ದರು. ಹಳೆಯ ಹಡಗುಗಳ ಮೊದಲ ದರ್ಜೆಯ ಸಲೂನುಗಳನ್ನು ನೆಲದ ಮೇಲಿನ ಹೋಟೆಲಿನಂತೆ ಸಿಂಗರಿಸುತ್ತಿದ್ದುದು ಅದಕ್ಕಾಗಿಯೇ. ವಾತಾನುಕೂಲ ಯಂತ್ರ ಬಂದು ಸೆಕೆಯ ಅಂಜಿಕೆ ಹೋದ ಮೇಲೆ, ರೆಕ್ಕೆಗಳು ಬಂದು ಹೊಯ್ದಾಟ ತಗ್ಗಿದ ಮೇಲೆ, ಕಡಲನ್ನು ನೋಡುವುದಕ್ಕೇ ಬೆಲೆ ಬಂತು. 1984ರಲ್ಲಿ ಬಂದ ‘ರಾಯಲ್ ಪ್ರಿನ್ಸೆಸ್’ ಹಡಗಿನಲ್ಲಿ ಒಳಕೋಣೆಯೇ ಇರಲಿಲ್ಲ. ಎಲ್ಲ ಕೋಣೆಗಳೂ ಕಡಲಿಗೆ ಮುಖ ಮಾಡಿದ್ದವು, ಹಲವಕ್ಕೆ ಬಾಲ್ಕನಿ. ಹಿಂದೆಲ್ಲ ತುದಿಯಲ್ಲಿ ತೂಗುತ್ತಿದ್ದ ಜೀವರಕ್ಷಕ ದೋಣಿಗಳನ್ನು ಕೆಳಗಿನ ಅಂತಸ್ತಿಗೆ ತಂದದ್ದರಿಂದ ಮೇಲಿನ ಅಂತಸ್ತುಗಳ ಪಕ್ಕವೆಲ್ಲ ಖಾಲಿಯಾಗಿ, ಅಲ್ಲಿ ಸಾಲುಸಾಲಾಗಿ ಬಾಲ್ಕನಿ ಕಟ್ಟಲು ಸಾಧ್ಯವಾಯಿತು. ಹೊಸ ಹಡಗುಗಳು ದೂರಕ್ಕೆ ತೇಲುವ ಅಪಾರ್ಟ್‌ಮೆಂಟಿನಂತೆ ಕಾಣುವುದು ಇದರಿಂದ. 2009ರ ‘ಓಯಸಿಸ್ ಆಫ್ ದಿ ಸೀಸ್’ ಇನ್ನೂ ಮುಂದೆ ಹೋಗಿ, ಹಡಗಿನ ನಡುವೆ ಬಯಲು ಬಿಟ್ಟು ಗಿಡ ನೆಟ್ಟು, ಆ ತೋಟದತ್ತ ಬಾಲ್ಕನಿ ಇಟ್ಟಿತು. ನಮ್ಮ ಹಳೆಯ ತೊಟ್ಟಿಮನೆಯ ಉಪಾಯವೇ. 2011ರಲ್ಲಿ ‘ಡಿಸ್ನಿ ಡ್ರೀಮ್’ ಹಡಗಿನ ಒಳಕೋಣೆಗಳಲ್ಲಿ ದುಂಡು ಕಿಟಕಿಯಾಕಾರದ ಪರದೆ ಬಂತು. ಹೊರಗಿನ ಕ್ಯಾಮೆರಾ ಸೆರೆಹಿಡಿದ ಕಡಲನ್ನು ಅದು ಆ ಕ್ಷಣಕ್ಕೇ ತೋರಿಸುತ್ತದೆ. ಮಕ್ಕಳು ನಿಜವಾದ ಕಿಟಕಿಗಿಂತ ಅದನ್ನೇ ಇಷ್ಟಪಟ್ಟರೆ ಆಶ್ಚರ್ಯವಿಲ್ಲ, ಏಕೆಂದರೆ ಅದರಲ್ಲಿ ಆಗಾಗ ಕಾರ್ಟೂನಿನ ಪಾತ್ರಗಳೂ ಇಣುಕಿ ಹೋಗುತ್ತವೆ.

ಈ ಇತಿಹಾಸ ಗೊತ್ತಿದ್ದವರಿಗೆ ಏಜೆಂಟರ ನಕ್ಷೆ ಓದುವುದು ಸುಲಭ. ಮೊದಲು ನೆನಪಿಡಬೇಕಾದದ್ದು: ಬೆಲೆ ಏರುವುದು ನೋಟಕ್ಕೆ, ನೆಮ್ಮದಿಗಲ್ಲ. ಅತಿ ದುಬಾರಿ ಸೂಟುಗಳು ಸಾಮಾನ್ಯವಾಗಿ ಮೇಲಿನ ಅಂತಸ್ತುಗಳಲ್ಲಿ, ಕೆಲವು ಹಡಗುಗಳಲ್ಲಿ ಮೂತಿಯ ತುದಿಯಲ್ಲಿ ಅಥವಾ ಬಾಲದ ತುದಿಯಲ್ಲಿ ಇರುತ್ತವೆ. ತೆಂಗಿನ ಮರದ ತುದಿ, ಬಸ್ಸಿನ ಕೊನೆಯ ಸೀಟು! ಬಸ್ಸು ಹತ್ತಿದರೇ ತಲೆಸುತ್ತು ಬರುವ ಜಾತಿಯವರಿಗೆ ಕೆಳ ಅಂತಸ್ತಿನ ನಡುಮಧ್ಯದ ಅಗ್ಗದ ಕೋಣೆಯೇ ಹಿತ. ಕಿಟಕಿಯಿಂದ ದಿಗಂತ ಕಾಣುತ್ತಿದ್ದರೆ ವಾಕರಿಕೆ ತಗ್ಗುವವರೂ ಉಂಟು. ಅಂಥವರು ಅದೇ ಜಾಗದಲ್ಲಿ ಕಿಟಕಿಯ ಕೋಣೆ ಕೇಳಬಹುದು.

ಎರಡನೆಯದಾಗಿ, ಕೋಣೆಯ ಮೇಲೇನಿದೆ, ಕೆಳಗೇನಿದೆ ಎಂದು ನೋಡಬೇಕು. ಇದನ್ನು ಯಾವ ಕರಪತ್ರವೂ ಎತ್ತಿ ಹೇಳುವುದಿಲ್ಲ, ನಕ್ಷೆಯನ್ನೇ ಬಿಡಿಸಿ ನೋಡಬೇಕು. ಈಜುಕೊಳದ ಕೆಳಗಿನ ಕೋಣೆಯವರಿಗೆ ಬೆಳಗಿನ ಜಾವ ಕುರ್ಚಿ ಎಳೆದಾಡುವ ಸದ್ದು, ನೃತ್ಯಶಾಲೆಯ ಮೇಲಿನವರಿಗೆ ನಡುರಾತ್ರಿಯವರೆಗೆ ತಾಳ. ಮೂತಿಯ ಕೆಳ ಅಂತಸ್ತಿನಲ್ಲಿ ಲಂಗರಿನ ಸರಪಳಿ ಇಳಿಯುವಾಗ ಗುಡುಗಿನಂಥ ಶಬ್ದ. ಮೇಲೂ ಕೆಳಗೂ ಬರಿಯ ಕೋಣೆಗಳೇ ಇರುವ ಅಂತಸ್ತು ಸಿಕ್ಕರೆ ನಿದ್ದೆಗೆ ಭಂಗವಿಲ್ಲ. ಕಡಿಮೆ ದರಕ್ಕೆ ಸಿಗುವ ‘ಅಡ್ಡಿಯಿರುವ ನೋಟ’ದ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಜೀವರಕ್ಷಕ ದೋಣಿಯ ಹೊಟ್ಟೆ. ಬೆಳಕು ಸಾಕು, ಕಡಲು ಬೇಡ ಎನ್ನುವವರಿಗೆ ಅದು ಲಾಭದ ಬಾಬತ್ತೇ.

ಹಣದ ವಿಷಯದಲ್ಲಿ ಒಂದು ಮಾತು. ಕರಪತ್ರದ ದರ ತಲೆಗೆ ಇಷ್ಟು ಎಂದಿರುತ್ತದೆ, ಒಂದು ಕೋಣೆಗೆ ಇಬ್ಬರು ಎಂಬ ಲೆಕ್ಕದಲ್ಲಿ. ಒಬ್ಬರೇ ಹೊರಟರೆ ಇನ್ನೊಬ್ಬರ ಪಾಲನ್ನೂ ಅನೇಕ ವೇಳೆ ಪೂರ್ತಿಯಾಗಿ ತೆರಬೇಕಾಗುತ್ತದೆ. ಬಗೆಯನ್ನಷ್ಟೇ ಹೇಳಿ ಕೋಣೆಯ ಆಯ್ಕೆಯನ್ನು ಕಂಪನಿಗೇ ಬಿಡುವ ‘ಗ್ಯಾರಂಟಿ’ ಟಿಕೆಟ್ ಅಗ್ಗ. ಆದರೆ ಸಿಕ್ಕಿದ ಜಾಗಕ್ಕೆ ಗೊಣಗುವಂತಿಲ್ಲ.

ಒಳಕೋಣೆಯನ್ನು ಹೀಗಳೆಯುವವರೇ ಹೆಚ್ಚು. ಅದರಲ್ಲಿ ದೀಪ ಆರಿಸಿದರೆ ಗವಿಯ ಕತ್ತಲು. ಬೆಳಗಾಯಿತೋ ಇಲ್ಲವೋ ತಿಳಿಯದು. ಆದರೆ ಹಗಲೆಲ್ಲ ಡೆಕ್ಕಿನ ಮೇಲೆ, ಬಂದರಿನಲ್ಲಿ ಸುತ್ತಿ, ರಾತ್ರಿ ಮಲಗಲು ಮಾತ್ರ ಕೋಣೆಗೆ ಬರುವವರಿಗೆ ಅಷ್ಟು ಸಾಕಲ್ಲವೇ? ಎರಡು ಮೂರು ರಾತ್ರಿಯ ಪ್ರಯಾಣಕ್ಕೆ ಬಾಲ್ಕನಿಗೆಂದು ದುಪ್ಪಟ್ಟು ಕೊಡುವುದಕ್ಕಿಂತ ಆ ಹಣದಲ್ಲಿ ಮನೆಯ ಇನ್ನಿಬ್ಬರನ್ನು ಕರೆದೊಯ್ಯುವುದು ಮೇಲು. ನಾರ್ವೆಯ ಕಡಲ್ಗಾಲುವೆಗಳಂಥ, ದಡವೇ ದೃಶ್ಯವಾಗಿರುವ ಪ್ರಯಾಣಗಳಲ್ಲಿ ಮಾತ್ರ ಬಾಲ್ಕನಿ ತನ್ನ ಬೆಲೆಗೆ ತಕ್ಕ ಸುಖ ಕೊಡುತ್ತದೆ. ಭಾರತದಲ್ಲಿ ಕಾರ್ಡಿಲಿಯಾ ಕಂಪನಿ 2021ರಲ್ಲಿ ಮುಂಬಯಿಯಿಂದ ವಿಹಾರ ಆರಂಭಿಸಿದ ‘ಎಂಪ್ರೆಸ್’ ಹಡಗು ಕಟ್ಟಿದ್ದು 1990ರಲ್ಲಿ. ಬಾಲ್ಕನಿಯ ಹುಚ್ಚು ಹರಡುವ ಮೊದಲಿನದಾದ್ದರಿಂದ ಅದರಲ್ಲಿ ಬಾಲ್ಕನಿಯ ಕೋಣೆಗಳು ಕಡಿಮೆ. ಮುಂಬಯಿಯಿಂದ ಗೋವಾ, ಕೊಚ್ಚಿಯತ್ತ ಇಳಿಯುವ ಹಡಗಿನಲ್ಲಿ ಎಡಬದಿಗೆ ನಾಡು, ಬಲಬದಿಗೆ ಸೂರ್ಯಾಸ್ತ. ಕೆಂಪು ಸಮುದ್ರದಲ್ಲಿ ದೊರೆಗಳು ಯಾವ ಪಡುವಣ ಬಿಸಿಲಿಗೆ ಬೆನ್ನು ಮಾಡಿ ಓಡುತ್ತಿದ್ದರೋ ಅದನ್ನೇ ನೋಡಲು ಈಗ ಜನ ಬಲಬದಿಯ ಕೋಣೆ ಕೇಳುತ್ತಾರೆ.

ದರ್ಜೆಗಳೂ ಪೂರ್ತಿ ಹೋಗಲಿಲ್ಲ. 2004ರಿಂದ ಓಡುತ್ತಿರುವ ‘ಕ್ವೀನ್ ಮೇರಿ 2’ರಲ್ಲಿ ಯಾವ ಊಟದ ಮನೆಗೆ ಪ್ರವೇಶ ಎಂಬುದನ್ನು ಕೋಣೆಯೇ ನಿರ್ಧರಿಸುತ್ತದೆ. 2008ರಿಂದ ಎಂಎಸ್‌ಸಿ ಕಂಪನಿಯ ಹಡಗುಗಳಲ್ಲಿ ಸೂಟಿನವರಿಗೆಂದೇ ಬೇರೆ ಮೊಗಸಾಲೆ, ಬೇರೆ ಈಜುಕೊಳ ಬಂದಿವೆ. ಬಾಗಿಲು ತೆರೆಯುವುದು ಅವರ ಕಾರ್ಡಿಗೆ ಮಾತ್ರ. ಹಳೆಯ ಅಡ್ಡಗೇಟು ಹೊಸ ಬೀಗದೊಂದಿಗೆ ಮರಳಿದೆ.

ಕೋಣೆಯ ಬಗೆ ಬರಿಯ ಸುಖದ ಪ್ರಶ್ನೆಯಾಗಿ ಉಳಿದಿಲ್ಲವೆಂದು 2020ರ ಫೆಬ್ರವರಿಯಲ್ಲಿ ಮತ್ತೊಮ್ಮೆ ತಿಳಿಯಿತು. ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗಿನಲ್ಲಿ ಕೊರೊನಾ ಕಾಣಿಸಿ, 2,666 ಪ್ರಯಾಣಿಕರೂ 1,045 ಸಿಬ್ಬಂದಿಯೂ ಅದರಲ್ಲೇ ಸಿಕ್ಕಿಬಿದ್ದರು. ಪ್ರಯಾಣಿಕರು ಕೋಣೆ ಬಿಟ್ಟು ಹೊರಬರುವಂತಿರಲಿಲ್ಲ. ಬಾಲ್ಕನಿಯವರು ಗಾಳಿ, ಬಿಸಿಲು ಕಂಡರು. ಪಕ್ಕದವರೊಡನೆ ಎರಡು ಮಾತಾಡಿದರು. ಒಳಕೋಣೆಯವರಿಗೆ ನಾಲ್ಕು ಗೋಡೆ. ಸರದಿಯ ಮೇಲೆ ಸ್ವಲ್ಪ ಹೊತ್ತು ಡೆಕ್ಕಿನಲ್ಲಿ ಅಡ್ಡಾಡಲು ಬಿಟ್ಟಾಗಲೇ ಅವರಿಗೆ ಆಕಾಶ. ಕೊನೆಗೆ ಒಟ್ಟು 712 ಮಂದಿಗೆ ಸೋಂಕು ತಗುಲಿತು.

ಆ ದಿನಗಳಲ್ಲಿ ಕೋಣೆ ಕೋಣೆಗೂ ಊಟದ ತಟ್ಟೆ ಒಯ್ದವರು ಹಡಗಿನ ಸಿಬ್ಬಂದಿ. ಅವರಲ್ಲಿ 132 ಮಂದಿ ಭಾರತೀಯರು. ಅವರ ಕೋಣೆಗಳು ಏಜೆಂಟರ ಬಣ್ಣದ ನಕ್ಷೆಯಲ್ಲಿ ಇರುವುದೇ ಇಲ್ಲ. ಈಜುಕೊಳ, ಬಾಲ್ಕನಿಗಳ ಎಷ್ಟೋ ಅಂತಸ್ತು ಕೆಳಗೆ, ಅನೇಕ ವೇಳೆ ನೀರಿನ ಮಟ್ಟಕ್ಕೂ ಕೆಳಗೆ, ಒಂದರ ಮೇಲೊಂದು ಮಂಚದ ಪುಟ್ಟ ಕೋಣೆಗಳವು. ಪ್ರಯಾಣಿಕರನ್ನು ಬೇರೆ ಬೇರೆ ಇರಿಸಿದಂತೆ ಅವರನ್ನು ಇರಿಸಲು ಜಾಗವೂ ಇರಲಿಲ್ಲ. ದುಡಿದು ಬಂದು ಇಬ್ಬಿಬ್ಬರು ಒಂದೇ ಕೋಣೆಯಲ್ಲಿ ಮಲಗಬೇಕಾಯಿತು. ಆ ತಿಂಗಳ 27ರಂದು ಭಾರತ ಸರಕಾರದ ವಿಮಾನ 119 ಭಾರತೀಯರನ್ನು ದೆಹಲಿಗೆ ಕರೆತಂದಿತು. ಮಂಗಳೂರು, ಗೋವೆಗಳ ಎಷ್ಟೋ ಮನೆಗಳಿಗೆ ವಿಹಾರ ನೌಕೆಯೆಂದರೆ ಇಂದಿಗೂ ಪ್ರವಾಸವಲ್ಲ, ಒಂಬತ್ತು ತಿಂಗಳಿಗೊಮ್ಮೆ ರಜೆಗೆ ಬರುವ ಮಗನ ನೌಕರಿ.

ನಾವಿಕರ ಕೋಣೆಗೂ ಕೆಲವು ನಿಯಮಗಳುಂಟು. 2006ರಲ್ಲಿ ರೂಪುಗೊಂಡ, 2015ರಲ್ಲಿ ಭಾರತವೂ ಅಂಗೀಕರಿಸಿದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ಅವುಗಳನ್ನು ಹೇಳುತ್ತದೆ. ಮಲಗುವ ಕೋಣೆ ನೀರಿನ ಮಟ್ಟಕ್ಕಿಂತ ಮೇಲೆಯೇ ಇರಬೇಕೆಂಬುದು ಸಾಮಾನ್ಯ ನಿಯಮ. ಬೆಳಕು, ಗಾಳಿಯ ಏರ್ಪಾಡಿದ್ದರೆ ಕೆಳಗೂ ಇರಬಹುದೆಂದು ವಿನಾಯಿತಿ ಪಡೆದಿರುವ ಬೆರಳೆಣಿಕೆಯ ಬಗೆಗಳಲ್ಲಿ ಪ್ರಯಾಣಿಕ ಹಡಗೂ ಒಂದು. ಇಂಥ ಹಡಗಿನಲ್ಲಿ, ಅಧಿಕಾರಿಗಳಲ್ಲದ ನಾಲ್ವರು ಸಿಬ್ಬಂದಿಗೆ ಸೇರಿ ಕೊಡಬೇಕಾದ ಕನಿಷ್ಠ ಜಾಗ 14.5 ಚದರ ಮೀಟರು. ಮೇಲಿನ ಅಂತಸ್ತುಗಳಲ್ಲಿ ಇಬ್ಬರು ಪ್ರಯಾಣಿಕರಿಗೆಂದು ಇರುವ, ನಕ್ಷೆಯಲ್ಲಿ ಎಲ್ಲಕ್ಕಿಂತ ಅಗ್ಗದ ಬಣ್ಣ ಹಚ್ಚಿದ ಒಳಕೋಣೆಯ ಅಳತೆಯೂ ಹೆಚ್ಚುಕಡಿಮೆ ಅಷ್ಟೇ.